‘ಗೆಟ್’ ಎಂಬ ಕ್ರಿಯಾಪದ

ಇಂಗ್ಲಿಷ್ ಮಾತನಾಡುವವರ ಬಾಯಲ್ಲಿ ದಿನವೂ ಲೆಕ್ಕವಿಲ್ಲದಷ್ಟು ಸಲ ಬಂದುಹೋಗುವ, ಆದರೆ ನಮ್ಮ ತರಗತಿಗಳಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಚಿಕ್ಕ ಕ್ರಿಯಾಪದದ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ. ಅದು ‘ಗೆಟ್’. ಈ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಹೊರಟರೆ ಪಡೆ, ಗಳಿಸು, ಹೊಂದು, ತಲುಪು, ಆಗು, ತಿಳಿ, ಒಪ್ಪಿಸು, ಮಾಡಿಸು ಎಂದು ಒಂದು ಸಾಲೇ ಬೆಳೆಯುತ್ತದೆ. ಪಡೆಯುವುದಕ್ಕೂ ತಲುಪುವುದಕ್ಕೂ ಏನು ನಂಟು? ತಿಳಿಯುವುದಕ್ಕೂ ಮಳೆಯಲ್ಲಿ ಒದ್ದೆಯಾಗುವುದಕ್ಕೂ ಏನು ನಂಟು? ಕಲಿಯುವವರಿಗೆ ಎರಡೇ ದಾರಿ ಕಾಣುತ್ತದೆ: ಸಾಲನ್ನೆಲ್ಲ ಬಾಯಿಪಾಠ ಮಾಡುವುದು, ಇಲ್ಲವೇ ಆ ಪದದ ಗೊಡವೆಗೇ ಹೋಗದೆ ‘ರಿಸೀವ್’, ‘ಅಬ್ಟೇನ್’, ‘ಬಿಕಮ್’ಗಳಲ್ಲೇ ಕೆಲಸ ಸಾಗಿಸುವುದು. ಎರಡೂ ಬೇಕಿಲ್ಲ ಎಂಬುದು ನನ್ನ ವಾದ. ‘ಗೆಟ್’ಗೆ ಬಳಕೆ ಹಲವು, ಒಳಗಿನ ಅರ್ಥ ಒಂದೇ. ‘ಬೀ’ ಮತ್ತು ‘ಹ್ಯಾವ್’ ಒಂದು ಸ್ಥಿತಿಯಲ್ಲಿ ಇರುವುದನ್ನು ಹೇಳುತ್ತವೆ. ‘ಗೆಟ್’ ಆ ಸ್ಥಿತಿಗೆ ಬಂದು ಸೇರುವುದನ್ನು ಹೇಳುತ್ತದೆ. ಇದನ್ನು ಅರಿಯಲು ಕನ್ನಡಿಗರಿಗೆ ಬೇಕಾದ ಸಾಮಗ್ರಿ ಕನ್ನಡದಲ್ಲೇ ಇದೆ.

ಸಾಮಾನ್ಯ ಕ್ರಿಯಾಪದಗಳು ನಿಘಂಟುಕಾರರನ್ನು ಮೊದಲಿನಿಂದಲೂ ಕಾಡಿವೆ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಅದರ ಮುನ್ನುಡಿಯಲ್ಲಿ ಇಂಥ ಕ್ರಿಯಾಪದಗಳ ಅರ್ಥ ಸಡಿಲವೂ ವ್ಯಾಪಕವೂ ಆಗಿರುವುದರಿಂದ ತಮ್ಮ ಶ್ರಮ ಬಹಳ ಹೆಚ್ಚಿತೆಂದು ಹೇಳಿಕೊಂಡರು. ಅಲ್ಲಿ ಅವರು ಹೆಸರಿಸಿದ ಪದಗಳಲ್ಲಿ ‘ಕಮ್’, ‘ಗಿವ್’, ‘ಪುಟ್’, ‘ರನ್’, ‘ಟೇಕ್’ಗಳ ಜೊತೆ ‘ಗೆಟ್’ ಕೂಡ ಇದೆ. ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಈ ಬಗೆಯ ಪದಗಳ ನಮೂದುಗಳು ಪುಟಗಟ್ಟಲೆ ಬೆಳೆದವು. 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿದ್ದವು. ಮೂರನೆಯ ಆವೃತ್ತಿಗಾಗಿ ‘ರನ್’ ಅನ್ನು ಪರಿಷ್ಕರಿಸಿದ ಪೀಟರ್ ಗಿಲಿವರ್ ಅದೊಂದೇ ಕ್ರಿಯಾಪದಕ್ಕೆ ಸುಮಾರು ಒಂಬತ್ತು ತಿಂಗಳು ದುಡಿದರು. ಕೊನೆಗೆ ದೊರೆತ ಅರ್ಥಗಳು 645. ಈ ಸಂಖ್ಯೆಗಳನ್ನು ಕೇಳಿದವರು ಇಂಗ್ಲಿಷ್ ಎಷ್ಟು ಸಂಪನ್ನ ಭಾಷೆ ಎಂದು ಬೆರಗಾಗುತ್ತಾರೆ, ಇಲ್ಲವೇ ಎಷ್ಟು ಕಷ್ಟದ ಭಾಷೆ ಎಂದು ಹೆದರುತ್ತಾರೆ. ನಿಘಂಟಿನ ಕೆಲಸ ಏನೆಂಬುದನ್ನು ನೆನೆದರೆ ಎರಡಕ್ಕೂ ಕಾರಣವಿಲ್ಲ. ಪದ ಎಲ್ಲೆಲ್ಲಿ, ಯಾವ ಯಾವ ಪದದ ಜೊತೆ, ಯಾವ ಕಾಲದಿಂದ ಬಳಕೆಯಾಗಿದೆ ಎಂದು ಒಂದೊಂದನ್ನೂ ಬಿಡಿಸಿ ತೋರಿಸುವುದು ಐತಿಹಾಸಿಕ ನಿಘಂಟಿನ ಧರ್ಮ. ನದಿ ಹರಿಯುವುದು, ಬಸ್ಸು ಓಡುವುದು, ಮೂಗು ಸುರಿಯುವುದು, ಅಂಗಡಿ ನಡೆಯುವುದು ಅದರ ಲೆಕ್ಕದಲ್ಲಿ ಬೇರೆ ಬೇರೆ. ಆಡುವವರ ಮನಸ್ಸಿನಲ್ಲಿ ಅಷ್ಟು ವಿಭಾಗಗಳು ಇರುವುದಿಲ್ಲ. ಇದ್ದಿದ್ದರೆ ಐದು ವರ್ಷದ ಇಂಗ್ಲಿಷ್ ಮಗು ಆ ಪದವನ್ನು ಸರಾಗವಾಗಿ ಬಳಸುತ್ತಿರಲಿಲ್ಲ.

‘ಗೆಟ್’ ಇಂಗ್ಲಿಷಿನ ಅಚ್ಚ ಮನೆಮಗಳಲ್ಲ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ಹಳೆಯ ನಾರ್ಸ್ ಭಾಷೆಯ ‘ಗೆತ’ ಎಂಬ ಪದದಿಂದ ಇದು ಬಂತು; ‘ದೇ’, ‘ಟೇಕ್’, ‘ಎಗ್’, ‘ಸ್ಕೈ’ಗಳೂ ಅದೇ ದಾರಿಯಲ್ಲಿ ಬಂದವು. ಹಳೆಯ ಇಂಗ್ಲಿಷಿನಲ್ಲಿ ಇದರ ಸೋದರ ಪದವೊಂದು ಇತ್ತಾದರೂ ಅದು ಹೆಚ್ಚಾಗಿ ಮುಂದೊಂದು ಉಪಸರ್ಗ ಸೇರಿಸಿಕೊಂಡೇ ಕಾಣಿಸಿಕೊಳ್ಳುತ್ತಿತ್ತು. ‘ಫರ್ಗೆಟ್’ ಮತ್ತು ‘ಬಿಗೆಟ್’ ಆ ಹಳೆಯ ಮನೆಯವು. ಇನ್ನೊಂದು ‘ಆನ್’ ಎಂಬ ಉಪಸರ್ಗ ಹೊತ್ತಿದ್ದು, ಗ್ರಹಿಸು, ತಿಳಿ ಎಂಬ ಅರ್ಥದಲ್ಲಿತ್ತು, ಅದು ಅಳಿದುಹೋಯಿತು. ಇನ್ನೂ ಹಿಂದೆ ಹೋದರೆ ಕೈಯಿಂದ ಹಿಡಿಯುವುದು ಎಂಬ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತು ಸಿಗುತ್ತದೆ. ಲ್ಯಾಟಿನ್ನಿನ ‘ಪ್ರೆಹೆಂಡೆರೆ’ಯೂ ಅದರಿಂದಲೇ ಬಂದದ್ದು, ಅದರ ಮೂಲಕ ಇಂಗ್ಲಿಷಿನ ‘ಕಾಂಪ್ರೆಹೆಂಡ್’ ಮತ್ತು ‘ಪ್ರಿಸನ್’ ಬಂದವು. ಹಿಡಿಯುವುದರಿಂದ ತಿಳಿಯುವುದಕ್ಕೆ ದಾಟುವ ಹಾದಿಯನ್ನು ಈ ಒಂದೇ ಧಾತು ಲ್ಯಾಟಿನ್ನಿನಲ್ಲಿ ಒಮ್ಮೆ, ಹಳೆಯ ಇಂಗ್ಲಿಷಿನಲ್ಲಿ ಒಮ್ಮೆ, ಈಚಿನ ‘ಐ ಗೆಟ್ ಇಟ್’ ಎಂಬ ಮಾತಿನಲ್ಲಿ ಮತ್ತೊಮ್ಮೆ ತುಳಿದಿದೆ. ಅರ್ಥಗಳು ಅಡ್ಡಾದಿಡ್ಡಿಯಾಗಿ ಹುಟ್ಟುವುದಾದರೆ ಹೀಗೆ ಮತ್ತೆ ಮತ್ತೆ ಒಂದೇ ದಿಕ್ಕಿನಲ್ಲಿ ಹುಟ್ಟುತ್ತಿರಲಿಲ್ಲ. 1200ರ ಸುಮಾರಿಗೆ ‘ದೊರಕಿಸಿಕೊಳ್ಳು’ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂದ ‘ಗೆಟ್’, ಅಲ್ಲಿಂದ ಒಂದು ಜಾಗಕ್ಕೆ ಸೇರುವ ಅರ್ಥಕ್ಕೆ, 16ನೇ ಶತಮಾನದ ಕೊನೆಯ ಹೊತ್ತಿಗೆ ‘ಆಗು’ ಎಂಬ ಅರ್ಥಕ್ಕೆ, 17ನೇ ಶತಮಾನದಲ್ಲಿ ಕರ್ಮಣಿ ಪ್ರಯೋಗಕ್ಕೆ ಹಬ್ಬಿತು. ಮೊದಲು ವಸ್ತು, ಆಮೇಲೆ ಜಾಗ, ಆಮೇಲೆ ದೇಹ ಮತ್ತು ಮನಸ್ಸಿನ ಸ್ಥಿತಿ: ಪ್ರತಿ ಸಲವೂ ಬದಲಾದದ್ದು ಸೇರುವ ತಾಣ ಮಾತ್ರ, ಸೇರುವ ಕ್ರಿಯೆ ಅದೇ.

ಈಗಿನ ಇಂಗ್ಲಿಷನ್ನೇ ತೆಗೆದುಕೊಂಡು ಜೋಡಿ ಜೋಡಿಯಾಗಿ ನೋಡೋಣ. ‘ಐ ಹ್ಯಾವ್ ಎ ಟಿಕೆಟ್’ ಎಂದರೆ ಟಿಕೆಟ್ ನನ್ನ ಬಳಿ ಇದೆ. ‘ಐ ಗಾಟ್ ಎ ಟಿಕೆಟ್’ ಎಂದರೆ ಟಿಕೆಟ್ ಸಿಕ್ಕಿತು. ‘ಶಿ ಈಸ್ ಮ್ಯಾರೀಡ್’ ಎಂದರೆ ಆಕೆಗೆ ಮದುವೆಯಾಗಿದೆ. ‘ಶಿ ಗಾಟ್ ಮ್ಯಾರೀಡ್’ ಎಂದರೆ ಮದುವೆಯಾದಳು. ‘ಹಿ ಈಸ್ ಅಟ್ ಹೋಮ್’ ಎಂದರೆ ಮನೆಯಲ್ಲಿದ್ದಾನೆ; ‘ಹಿ ಗಾಟ್ ಹೋಮ್’ ಎಂದರೆ ಮನೆ ಸೇರಿದ. ‘ಐ ನೋ ಹರ್’ ಎಂದರೆ ಆಕೆ ನನಗೆ ಗೊತ್ತು. ‘ಐ ಗಾಟ್ ಟು ನೋ ಹರ್’ ಎಂದರೆ ಪರಿಚಯವಾಯಿತು. ಈ ಜೋಡಿಗಳನ್ನು ಕನ್ನಡದಲ್ಲಿ ಹೇಳುವಾಗ ಏನಾಯಿತು ಎಂಬುದನ್ನು ಗಮನಿಸಿ. ಒಂದು ಕಡೆ ಇರು, ಇನ್ನೊಂದು ಕಡೆ ಆಗು ಅಥವಾ ಸಿಗು. ಹಸಿವು ಇದೆ, ಹಸಿವಾಯಿತು, ಸುಸ್ತು ಇದೆ, ಸುಸ್ತಾಯಿತು, ಗೊತ್ತಿದೆ, ಗೊತ್ತಾಯಿತು. ಇರುವುದನ್ನೂ ಆಗುವುದನ್ನೂ ಬೇರೆ ಬೇರೆ ಪದಗಳಲ್ಲಿ ಹೇಳುವ ಅಭ್ಯಾಸ ಕನ್ನಡದ ಮಕ್ಕಳಿಗೆ ತೊದಲುನುಡಿಯಿಂದಲೇ ಇದೆ. ಇಂಗ್ಲಿಷ್ ಅದೇ ಭೇದವನ್ನು ‘ಬೀ-ಹ್ಯಾವ್’ ಒಂದು ಕಡೆ, ‘ಗೆಟ್’ ಇನ್ನೊಂದು ಕಡೆ ಇಟ್ಟು ಮಾಡುತ್ತದೆ ಎಂದು ಒಂದು ಸಲ ತೋರಿಸಿಕೊಟ್ಟರೆ, ಪಟ್ಟಿಯ ಅರ್ಧ ಭಾರ ಅಲ್ಲಿಗೇ ಇಳಿಯುತ್ತದೆ. ‘ಐ ಗಾಟ್ ಟು ಸೀ ದಿ ಕಿಂಗ್’ ಎಂಬ ವಾಕ್ಯದಲ್ಲಿ ‘ಗೆಟ್ ಟು’ ಅವಕಾಶವನ್ನು ಸೂಚಿಸುತ್ತದೆ ಎಂದು ವ್ಯಾಕರಣಗಳು ಪ್ರತ್ಯೇಕವಾಗಿ ಹೇಳುತ್ತವೆ. ಕನ್ನಡದಲ್ಲಿ ‘ರಾಜನನ್ನು ನೋಡಲು ಸಿಕ್ಕಿತು’ ಎಂದು ಸುಮ್ಮನೆ ಹೇಳುವವರಿಗೆ ಇದು ಹೊಸ ಅರ್ಥವೇನಲ್ಲ.

ಈ ಪದದ ಮೇಲೆ ಇಂಗ್ಲಿಷರಲ್ಲೇ ಬಹಳ ಕಾಲದಿಂದ ಒಂದು ಅಸಮಾಧಾನವಿದೆ. 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಫಿಲಿಪ್ ವಿದರ್ಸ್ ಎಂಬ ಲೇಖಕರು ‘ಗಾಟ್’ ಎಂಬ ರೂಪದ ಅತಿಬಳಕೆಯನ್ನು ಖಂಡಿಸಲೆಂದು ಒಂದು ಪತ್ರದ ಮಾದರಿಯನ್ನು ಬರೆದರು. ಅದರಲ್ಲಿ ಒಬ್ಬ ಮನುಷ್ಯ ಕಾಗದ ಬಂದ ಕೂಡಲೇ ಕುದುರೆ ಹತ್ತುತ್ತಾನೆ, ಕ್ಯಾಂಟರ್‌ಬರಿ ಸೇರುತ್ತಾನೆ, ಬಾಡಿಗೆಗೆ ಗಾಡಿ ಹಿಡಿಯುತ್ತಾನೆ, ದಾರಿಯಲ್ಲಿ ನೆನೆಯುತ್ತಾನೆ, ನೆಗಡಿಯಾಗುತ್ತದೆ, ಕ್ಷೌರ ಮಾಡಿಸಿಕೊಳ್ಳುತ್ತಾನೆ, ಹಾಸಿಗೆ ಸೇರುತ್ತಾನೆ, ನಿದ್ದೆ ಹೋಗುತ್ತಾನೆ, ಏಳುತ್ತಾನೆ, ಊರಿಗೆ ಮರಳುತ್ತಾನೆ. ಎಲ್ಲಕ್ಕೂ ‘ಗಾಟ್’. ಒಂದೇ ಪದ ಇಷ್ಟು ಕೆಲಸಕ್ಕೆ ಬರುವುದು ಬರೆಯುವವರ ಸೋಮಾರಿತನವನ್ನು ತೋರಿಸುತ್ತದೆಂಬುದು ವಿದರ್ಸ್ ಅವರ ದೂರು. ಆ ಪತ್ರವನ್ನು ನಾನು ಓದುವುದು ಬೇರೆ ರೀತಿಯಲ್ಲಿ. ಅಲ್ಲಿ ಎಲ್ಲೂ ಆ ಮನುಷ್ಯ ಒಂದು ಕಡೆ ಸುಮ್ಮನೆ ನಿಂತಿಲ್ಲ. ಕುದುರೆಯ ಮೇಲಿರಲಿಲ್ಲ, ಮೇಲೆ ಬಂದ, ಒಣಗಿದ್ದ, ಒದ್ದೆಯಾದ, ಎಚ್ಚರವಿದ್ದ, ನಿದ್ದೆಗೆ ಜಾರಿದ. ಇಡೀ ಪತ್ರ ಒಂದಾದ ಮೇಲೊಂದು ಸ್ಥಿತಿ ಬದಲಾಗುವುದರ ಕಥೆ. ದೋಷ ತೋರಿಸಲು ಕಟ್ಟಿದ ಪಾಠವೇ ಈ ಪದದ ಒಳಗಿನ ಏಕತೆಗೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿಯಾಗಿ ನಿಂತಿದೆ.

ಹಾಗಾದರೆ ಕನ್ನಡಿಗರಿಗೆ ‘ಗೆಟ್’ ಏಕೆ ತೊಡಕಾಗುತ್ತದೆ? ಕಾರಣ ಅರ್ಥದಲ್ಲಿಲ್ಲ, ಕರ್ತೃ ಯಾರೆಂಬುದರಲ್ಲಿದೆ. ಕನ್ನಡದಲ್ಲಿ ನನಗೆ ಪತ್ರ ಬಂತು. ಬಂದದ್ದು ಪತ್ರ, ನಾನು ಚತುರ್ಥಿಯಲ್ಲಿ ಒಂದು ಪಕ್ಕಕ್ಕೆ ನಿಂತಿದ್ದೇನೆ. ನನಗೆ ಜ್ವರ ಬಂತು, ನನಗೆ ಕೆಲಸ ಸಿಕ್ಕಿತು, ನನಗೆ ಸಿಟ್ಟು ಬಂತು, ನನಗೆ ಅರ್ಥವಾಯಿತು. ಜ್ವರ, ಕೆಲಸ, ಸಿಟ್ಟು, ಅರ್ಥ ಇವೆಲ್ಲ ನನ್ನ ಕಡೆಗೆ ನಡೆದುಬರುತ್ತವೆ. ಇಂಗ್ಲಿಷಿನಲ್ಲಿ ನಡೆಯುವವನು ನಾನು: ‘ಐ ಗಾಟ್ ಎ ಲೆಟರ್’, ‘ಐ ಗಾಟ್ ಎ ಫೀವರ್’, ‘ಐ ಗಾಟ್ ಎ ಜಾಬ್’, ‘ಐ ಗಾಟ್ ಆಂಗ್ರಿ’. ನಾನೇನೂ ಮಾಡದೆ ಸುಮ್ಮನೆ ಕುಳಿತಿದ್ದಾಗ ಕಾಗದ ಬಂದಿದ್ದರೂ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃಸ್ಥಾನ ನನ್ನದೇ. ನಮ್ಮ ಮಕ್ಕಳು ‘ಫೀವರ್ ಹ್ಯಾಸ್ ಕಮ್ ಟು ಮಿ’ ಎಂದು ಬರೆಯುವುದು ಇದರಿಂದ. ಅದನ್ನು ಬರಿಯ ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಅನ್ಯಾಯ. ಆ ಮಗು ಸ್ಥಿತಿ ಬದಲಾದದ್ದನ್ನು ಸರಿಯಾಗಿ ಕಂಡಿದೆ, ಅದಕ್ಕೆ ಚಲನೆಯ ಕ್ರಿಯಾಪದ ಬೇಕೆಂಬುದನ್ನೂ ಕಂಡಿದೆ; ಯಾರು ಯಾರ ಕಡೆಗೆ ಚಲಿಸಿದರು ಎಂಬುದಷ್ಟೇ ತಿರುವುಮುರುವಾಗಿದೆ. ನಮ್ಮಲ್ಲಿ ಅನುಭವ ಮನುಷ್ಯನ ಬಳಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮನುಷ್ಯ ಅನುಭವದ ಬಳಿಗೆ ಹೋಗುತ್ತಾನೆ ಎಂದು ಬಾಯಿಬಿಟ್ಟು ಹೇಳಿಕೊಟ್ಟರೆ ಹತ್ತು ವಾಕ್ಯಗಳ ತಿದ್ದುಪಡಿ ಒಟ್ಟಿಗೇ ಆಗುತ್ತದೆ. ಇದರಿಂದ ಇಂಗ್ಲಿಷರು ಸಾಹಸಿಗಳು, ನಾವು ವಿಧಿಯನ್ನು ನಂಬಿದವರು ಎಂದೆಲ್ಲ ತೀರ್ಮಾನಿಸುವವರಿದ್ದಾರೆ. ಅದಕ್ಕೆ ಆಧಾರವಿಲ್ಲ, ಹಳೆಯ ಇಂಗ್ಲಿಷಿನಲ್ಲೂ ಹಸಿವು, ಅನಿಸಿಕೆ, ಇಷ್ಟಗಳನ್ನು ಹೇಳುವಾಗ ಅನುಭವಿಸುವವರನ್ನು ಚತುರ್ಥಿಯಂಥ ವಿಭಕ್ತಿಯಲ್ಲಿ ಇಡುವ ವಾಕ್ಯಗಳಿದ್ದವು.

‘ಗೆಟ್’ನ ಪ್ರೇರಣಾರ್ಥಕ ಮತ್ತು ಕರ್ಮಣಿ ಪ್ರಯೋಗಗಳೆರಡೂ ಕನ್ನಡದ ಒಂದೇ ರೂಪಕ್ಕೆ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ. ‘ಹಿ ಗಾಟ್ ಹಿಸ್ ಹೇರ್ ಕಟ್’ ಎಂದರೆ ಅವನು ಕೂದಲು ಕತ್ತರಿಸಿಕೊಂಡ ಎಂದಲ್ಲ, ಕತ್ತರಿಸಿಸಿಕೊಂಡ. ಆಡುಮಾತಿನಲ್ಲಿ, ಕಟಿಂಗ್ ಮಾಡಿಸಿಕೊಂಡ. ಇಲ್ಲಿ ‘ಇಸು’ ಮತ್ತು ‘ಕೊಳ್ಳು’ ಎರಡೂ ಸೇರಿವೆ: ಬೇರೆಯವರಿಂದ ಮಾಡಿಸಿ, ಫಲ ತನಗೆ ಬರುವಂತೆ ಮಾಡಿಕೊಂಡ. ಈಗ ‘ಹಿ ಗಾಟ್ ಸ್ಕೋಲ್ಡೆಡ್’ ಎಂಬುದನ್ನು ಕನ್ನಡದಲ್ಲಿ ಹೇಳಿ. ‘ಬೈಯಲ್ಪಟ್ಟನು’ ಎಂದು ಯಾರೂ ಹೇಳುವುದಿಲ್ಲ. ‘ಬೈಸಿಕೊಂಡ’ ಎನ್ನುತ್ತೇವೆ. ಹೊಡೆಸಿಕೊಂಡ, ಛೀಮಾರಿ ಹಾಕಿಸಿಕೊಂಡ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ. ಮತ್ತೆ ಅದೇ ‘ಇಸು’, ಅದೇ ‘ಕೊಳ್ಳು’. ಯಾರೂ ಬೇಕೆಂದು ಬೈಸಿಕೊಳ್ಳುವುದಿಲ್ಲ, ಬೇಕೆಂದು ಬೆರಳು ಸಿಕ್ಕಿಸಿಕೊಳ್ಳುವುದಿಲ್ಲ. ಆದರೂ ಆ ಪೆಟ್ಟಿನಲ್ಲಿ, ಆ ಬೈಗುಳದಲ್ಲಿ ಅವನ ಪಾಲೂ ಒಂದಿಷ್ಟು ಇದೆಯೇನೋ ಎಂಬ ಛಾಯೆ ಈ ರೂಪದಲ್ಲಿರುತ್ತದೆ. ಇಂಗ್ಲಿಷ್ ವ್ಯಾಕರಣಕಾರರು ‘ಹಿ ವಾಸ್ ಅರೆಸ್ಟೆಡ್’ ಮತ್ತು ‘ಹಿ ಗಾಟ್ ಅರೆಸ್ಟೆಡ್’ ಎಂಬ ಎರಡರ ನಡುವೆ ಕಾಣುವ ವ್ಯತ್ಯಾಸವೂ ಇದೇ. ಮೊದಲನೆಯದು ಪೊಲೀಸರ ಕಡೆಯ ವರದಿ. ಎರಡನೆಯದು ಬಂಧಿತನ ಕಡೆಗೆ ನೋಟ ತಿರುಗಿಸುತ್ತದೆ, ಅವನಿಗೆ ಏನಾಯಿತು, ಅವನೇನು ಎಡವಟ್ಟು ಮಾಡಿಕೊಂಡ ಎಂಬುದು ಮುಂದೆ ಬರುತ್ತದೆ. ಸ್ಥಿತಿಯೇನೂ ಬದಲಾಗದ ಕಡೆ ಈ ‘ಗೆಟ್’ ಕರ್ಮಣಿ ಬರುವುದೇ ಇಲ್ಲ. ಕಿಟಕಿ ಒಡೆಯಿತು ಎನ್ನಲು ‘ದಿ ವಿಂಡೋ ಗಾಟ್ ಬ್ರೋಕನ್’ ಸರಿ. ಬೆಟ್ಟ ದೂರದಿಂದ ಕಂಡಿತು ಎನ್ನಲು ‘ದಿ ಹಿಲ್ ಗಾಟ್ ಸೀನ್’ ಎಂದರೆ ಇಂಗ್ಲಿಷರ ಕಿವಿಗೆ ಅಪಸ್ವರವಾಗಿ ಕೇಳುತ್ತದೆ, ಏಕೆಂದರೆ ಕಂಡದ್ದರಿಂದ ಬೆಟ್ಟಕ್ಕೆ ಏನೂ ಆಗಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ. ‘ಐ ಗಾಟ್ ದಿ ವರ್ಕ್ ಡನ್’ ಎಂಬುದನ್ನೂ ನೋಡಿ: ಕೆಲಸವನ್ನು ನಾನೇ ಮಾಡಿ ಮುಗಿಸಿದೆನೋ ಬೇರೆಯವರಿಂದ ಮಾಡಿಸಿದೆನೋ ಆ ವಾಕ್ಯ ಹೇಳುವುದಿಲ್ಲ. ಕನ್ನಡ ಅದನ್ನು ಹೇಳದೆ ಬಿಡುವುದಿಲ್ಲ. ‘ಗೆಟ್’ ಹೇಳುವುದು ಕೆಲಸ ಮುಗಿದ ಸ್ಥಿತಿಗೆ ಬಂತು ಎಂಬುದನ್ನಷ್ಟೇ.

ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ. ‘ಐ ಹ್ಯಾವ್ ಗಾಟ್ ಎ ಬ್ರದರ್’ ಎಂದರೆ ನನಗೊಬ್ಬ ತಮ್ಮನಿದ್ದಾನೆ. ಇದರಲ್ಲಿ ಸ್ಥಿತಿ ಬದಲಾಗುವ ಮಾತೆಲ್ಲಿದೆ? ಬರಿಯ ಇರುವಿಕೆಯೇ ಅಲ್ಲವೇ? ಜಾನ್ಸನ್ ಇದನ್ನು ಆಗಲೇ ಗುರುತಿಸಿದ್ದರು; ‘ಹ್ಯಾಸ್ ಗಾಟ್’ ಎಂಬುದು ಗಳಿಸಿದ್ದನ್ನೇ ಹೇಳಬೇಕಾಗಿಲ್ಲ, ಬರಿಯ ಒಡೆತನವನ್ನೂ ಹೇಳಬಹುದೆಂದು ಅವರ ನಿಘಂಟು ವಿವರಿಸುತ್ತದೆ. ಆದರೆ ಆ ಅರ್ಥ ಒಂದೇ ಒಂದು ರೂಪದಲ್ಲಿ, ‘ಹ್ಯಾವ್’ ಜೊತೆಗಿನ ಪೂರ್ಣಕಾಲದಲ್ಲಿ ಮಾತ್ರ ಬರುತ್ತದೆ ಎಂಬುದನ್ನೂ ಅವರೇ ಕಂಡಿದ್ದರು. ಕಾರಣ ಕನ್ನಡದಿಂದಲೇ ತಿಳಿಯುತ್ತದೆ. ‘ಕೂತಿದ್ದಾನೆ’ ಎಂದರೇನು? ಕೂರುವ ಕ್ರಿಯೆ ಮುಗಿದಿದೆ, ಅದರ ಫಲ ಉಳಿದಿದೆ. ಮಲಗಿದ್ದಾನೆ, ನಿಂತಿದ್ದಾನೆ, ಮದುವೆಯಾಗಿದೆ. ಬದಲಾವಣೆಯನ್ನು ಹೇಳುವ ಕ್ರಿಯಾಪದ ಪೂರ್ಣಕಾಲಕ್ಕೆ ಬಂದರೆ ಸ್ಥಿತಿಯನ್ನು ಹೇಳುತ್ತದೆ. ಸಿಕ್ಕಿದ್ದು ಕೈಯಲ್ಲಿ ಉಳಿದಿದ್ದರೆ ಅದು ಇರುವಿಕೆ. 16ನೇ ಶತಮಾನದ ಕೊನೆಯಿಂದ ಈಚೆಗೆ ಇಂಗ್ಲಿಷಿನಲ್ಲಿ ‘ಹ್ಯಾವ್ ಗಾಟ್’ ಹೀಗೆಯೇ ಗಟ್ಟಿಯಾಯಿತು. ಅಮೆರಿಕದವರು ಈ ಎರಡನ್ನು ಇವತ್ತಿಗೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಅವರಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರಿದೆ. ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರನ್ನು ಕೊಂಡು ತಂದದ್ದಾಗಿದೆ. ‘ಗಾಟನ್’ ಅಮೆರಿಕದವರು ಕೆಡಿಸಿದ ರೂಪವೆಂದು ಬಗೆಯುವವರು ನಮ್ಮಲ್ಲೂ ಇದ್ದಾರೆ. ಅದು ಹಳೆಯ ರೂಪ. ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿತು, ಅಟ್ಲಾಂಟಿಕ್ ದಾಟಿ ಹೋದವರು ಉಳಿಸಿಕೊಂಡರು. ‘ಫರ್ಗಾಟನ್’ ಎಂಬುದನ್ನು ಇಂಗ್ಲೆಂಡಿನವರೂ ಬಿಟ್ಟಿಲ್ಲ ಎಂಬುದನ್ನು ನೆನೆದರೆ ಈ ಜಗಳಕ್ಕೆ ಆಧಾರ ಉಳಿಯುವುದಿಲ್ಲ. ‘ಐ ಹ್ಯಾವ್ ಗಾಟ್ ಟು ಗೋ’ ಎಂಬ ಒತ್ತಾಯದ ಅರ್ಥವೂ ಈ ಪೂರ್ಣಕಾಲದ ಮಗುವೇ. ಕನ್ನಡದ ‘ಹೋಗಬೇಕಾಗಿದೆ’ ಎಂಬ ರೂಪದಲ್ಲೂ ಒಂದು ‘ಆಗು’ ಮತ್ತು ಅದರ ಬೆನ್ನಿಗೆ ಒಂದು ‘ಇದೆ’ ಕುಳಿತಿರುವುದನ್ನು ಗಮನಿಸಬಹುದು.

ಎರಡನೆಯ ಆಕ್ಷೇಪಣೆ ವಿದ್ವಾಂಸರದು, ಮತ್ತು ಅದು ಗೌರವದಿಂದ ಕೇಳಬೇಕಾದದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ನಿಜವಾದ ಬಳಕೆಯ ದೊಡ್ಡ ಸಂಗ್ರಹವನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಮಾಡಿದ ಕೋಬಿಲ್ಡ್ ನಿಘಂಟು 1987ರಲ್ಲಿ ಹೊರಬಂತು. ತುಂಬ ಸಾಮಾನ್ಯವಾದ ಕ್ರಿಯಾಪದಗಳಿಗೆ ತಮ್ಮದೇ ಅರ್ಥ ತೆಳುವಾಗಿರುತ್ತದೆ, ಅರ್ಥದ ಭಾರವನ್ನು ಜೊತೆಗಿನ ಪದಗಳು ಹೊರುತ್ತವೆ ಎಂಬುದು ಆ ಅಧ್ಯಯನಗಳ ಒಂದು ಮುಖ್ಯ ತಿಳಿವು. ಹಾಗಿದ್ದರೆ ‘ಗೆಟ್’ನಲ್ಲಿ ಒಂದು ಅರ್ಥ ಹುಡುಕುವುದೇ ವ್ಯರ್ಥವಲ್ಲವೇ ಎಂದು ಕೇಳಬಹುದು. ಜೊತೆಗಿನ ಪದಗಳು ಯಾವ ಸ್ಥಿತಿ ಎಂಬುದನ್ನು ಹೇಳುತ್ತವೆ ಎಂದು ನಾನೂ ಒಪ್ಪುತ್ತೇನೆ. ಒದ್ದೆ, ಮನೆ, ಟಿಕೆಟ್, ಮದುವೆ ಇವು ‘ಗೆಟ್’ ಒಳಗೆ ಇಲ್ಲ. ಆದರೆ ಆ ಸ್ಥಿತಿ ಆಗಲೇ ಇತ್ತೋ ಈಗ ಬಂತೋ ಎಂಬುದನ್ನು ಆ ಪದಗಳು ಹೇಳಲಾರವು. ‘ವೆಟ್’ ಎಂಬ ಪದದ ಮುಂದೆ ‘ಬೀ’ ಇಟ್ಟರೆ ಒಂದು, ‘ಗೆಟ್’ ಇಟ್ಟರೆ ಇನ್ನೊಂದು, ‘ಸ್ಟೇ’ ಇಟ್ಟರೆ ಮತ್ತೊಂದು. ತೆಳುವಾದ ಅರ್ಥ ಇಲ್ಲದ ಅರ್ಥವಲ್ಲ. ಸಿ. ಕೆ. ಆಗ್ಡನ್ 1930ರಲ್ಲಿ 850 ಪದಗಳ ಬೇಸಿಕ್ ಇಂಗ್ಲಿಷ್ ಎಂಬ ಯೋಜನೆಯನ್ನು ಮುಂದಿಟ್ಟಾಗ ಅದರಲ್ಲಿ ಕ್ರಿಯಾಪದಗಳಿಗೆ ಸಿಕ್ಕ ಜಾಗ ಹದಿನೆಂಟೇ. ಆ ಹದಿನೆಂಟರಲ್ಲಿ ‘ಗೆಟ್’ ಉಳಿಯಿತು. ಅದನ್ನು ತೆಗೆದಿದ್ದರೆ ಸ್ಥಿತಿ ಬದಲಾಗುವುದನ್ನು ಹೇಳಲು ಬೇರೆ ಬೇರೆ ಹತ್ತಾರು ಪದ ಬೇಕಾಗುತ್ತಿತ್ತು. ಆದರೆ ಆಗ್ಡನ್ ಅವರ ಲೆಕ್ಕದಲ್ಲಿ ಒಂದು ಮುಖ್ಯ ಕೊರತೆಯೂ ಇತ್ತು. 850 ಪದಗಳೆಂದು ಎಣಿಸಿದರು. ‘ಗೆಟ್’ ಜೊತೆ ‘ಅಪ್’, ‘ಔಟ್’, ‘ಓವರ್’, ‘ಬೈ’, ‘ಅವೇ’ ಸೇರಿದಾಗ ಹುಟ್ಟುವ ನುಡಿಗಟ್ಟುಗಳನ್ನು ಎಣಿಸಲಿಲ್ಲ. ಅವುಗಳಲ್ಲಿ ಕೆಲವು ನನ್ನ ಸೂತ್ರಕ್ಕೆ ಸುಲಭವಾಗಿ ಒಗ್ಗುತ್ತವೆ: ಕಾಯಿಲೆಯನ್ನು ದಾಟಿ ಆಚೆ ಬರುವುದು ‘ಗೆಟ್ ಓವರ್’, ತಪ್ಪಿಸಿಕೊಂಡು ದೂರ ಹೋಗುವುದು ‘ಗೆಟ್ ಅವೇ’. ‘ಗೆಟ್ ಬೈ’ ಎಂದರೆ ಇದ್ದುದರಲ್ಲೇ ಹೇಗೋ ಜೀವನ ಸಾಗಿಸುವುದು, ‘ಗೆಟ್ ಆನ್’ ಎಂದರೆ ಹೊಂದಿಕೊಂಡು ಹೋಗುವುದು. ಇಂಥವನ್ನು ಸೂತ್ರದಿಂದ ಊಹಿಸಲಾಗದು, ನುಡಿಗಟ್ಟುಗಳಾಗಿಯೇ ಕಲಿಯಬೇಕು. ಇದು ನನ್ನ ವಾದದ ಎಲ್ಲೆ.

ಇನ್ನು ‘ಗೆಟ್’ ಒರಟು, ‘ಅಬ್ಟೇನ್’ ಸಭ್ಯ ಎಂಬ ನಂಬಿಕೆ. ಅರ್ಜಿಯಲ್ಲಿ, ಕಾನೂನಿನ ಕಾಗದದಲ್ಲಿ, ಸಂಶೋಧನ ಪ್ರಬಂಧದಲ್ಲಿ ‘ಅಬ್ಟೇನ್’ಗೆ ಅದರ ಜಾಗ ಇದೆ, ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಅದು ‘ಗೆಟ್’ ಮಾಡುವ ಕೆಲಸದಲ್ಲಿ ಒಂದು ಮೂಲೆಯನ್ನು ಮಾತ್ರ ಮಾಡುತ್ತದೆ. ನೆಗಡಿಯನ್ನು ‘ಅಬ್ಟೇನ್’ ಮಾಡಲಾಗದು, ಮನೆಯನ್ನು ‘ಅಬ್ಟೇನ್’ ಮಾಡಿದರೆ ಮನೆ ತಲುಪಿದಂತಾಗದು. ಡಗ್ಲಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಲಾಂಗ್‌ಮನ್ ವ್ಯಾಕರಣ ಮಾತುಕತೆ, ಕಥೆ, ಪತ್ರಿಕೆ, ಪಂಡಿತರ ಗದ್ಯ ಎಂಬ ನಾಲ್ಕು ಬಗೆಯ ಇಂಗ್ಲಿಷನ್ನು ಅಕ್ಕಪಕ್ಕ ಇಟ್ಟು ನೋಡಿತು. ಮಾತುಕತೆಯಲ್ಲಿ ‘ಗೆಟ್’ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳ ಸಾಲಿನಲ್ಲಿ ಮೇಲಿದೆ. ಪಂಡಿತರ ಗದ್ಯದಲ್ಲಿ ವಿರಳ. ನಮ್ಮ ಸಂಕಟದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ನಾವು ಇಂಗ್ಲಿಷನ್ನು ಬರಹದಿಂದ ಕಲಿತವರು. ಅದಕ್ಕೇ ಪದವಿ ಮುಗಿಸಿದ, ದಪ್ಪ ದಪ್ಪ ಪುಸ್ತಕ ಓದಿ ಅರಗಿಸಿಕೊಳ್ಳುವ ಹುಡುಗ ಹುಡುಗಿಯರು ಉದ್ಯೋಗಕ್ಕೆ ಸೇರಿದ ಮೊದಲ ದಿನಗಳಲ್ಲಿ ಸುತ್ತಲಿನ ಮಾತು ಹಿಡಿಯಲಾರದೆ ತಮ್ಮ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಹೆಚ್ಚು ನೋವು ಕೊಡುತ್ತದೆ, ಮತ್ತು ಅವರಿಗೆ ಆ ನೋವು ಬೇಕಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಕಠಿಣ ಪದಗಳಲ್ಲ. ಸುಲಭವೆಂದು ಯಾರೂ ಕಲಿಸದೆ ಬಿಟ್ಟ ಪದಗಳು.

ಭಾರತದ ಇಂಗ್ಲಿಷಿನಲ್ಲಿ ನಾವೇ ಬೆಳೆಸಿದ ಒಂದು ‘ಗೆಟ್’ ಕೂಡ ಇದೆ. ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಎನ್ನುತ್ತೇವೆ. ಇಂಗ್ಲೆಂಡಿನವರು ‘ಗೆಟ್ ಆಫ್’ ಎನ್ನುತ್ತಾರೆ, ಕಾರಾದರೆ ‘ಗೆಟ್ ಔಟ್’. ನಮ್ಮ ಹತ್ತು-ಇಳಿ ಎಂಬ ಜೋಡಿಯಲ್ಲಿ ಮೇಲು ಕೆಳಗಿನ ದಿಕ್ಕು ಸೇರಿಕೊಂಡಿದೆ, ಅದಕ್ಕೇ ‘ಡೌನ್’ ಬಂತು. ಈ ದೇಶದಲ್ಲಿ ಎಲ್ಲರಿಗೂ ಅರ್ಥವಾಗುವ ಆ ಪ್ರಯೋಗವನ್ನು ನಾನು ತಪ್ಪೆನ್ನುವುದಿಲ್ಲ. ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು ರೂಪ ಗೊತ್ತಿದ್ದರೆ ಒಳ್ಳೆಯದು, ಅಷ್ಟೆ. ನಮಗೆ ತುರ್ತಾಗಿ ಬೇಕಾದದ್ದು ಬೇರೆ ಬಗೆಯ ನಿಘಂಟಿನ ನಮೂದು. ಕನ್ನಡದ ಮಕ್ಕಳಿಗಾಗಿ ಮುಂದೆ ಬರುವ ಇಂಗ್ಲಿಷ್-ಕನ್ನಡ ನಿಘಂಟುಗಳು ‘ಗೆಟ್’ ಮುಂದೆ ಸಮಾನ ಪದಗಳನ್ನು ಅಲ್ಪವಿರಾಮ ಹಾಕಿ ಸುರಿಯುವ ಬದಲು ವಾಕ್ಯದ ರಚನೆಯನ್ನು ಹಿಡಿದು ಹೋಗಲಿ. ಮುಂದೆ ವಸ್ತುವಿದ್ದರೆ ಸಿಗು, ಬರು. ಕನ್ನಡದಲ್ಲಿ ಚತುರ್ಥಿ, ಇಂಗ್ಲಿಷಿನಲ್ಲಿ ಕರ್ತೃ ಎಂಬ ಎಚ್ಚರಿಕೆಯೊಂದಿಗೆ. ಮುಂದೆ ಗುಣವಾಚಕವಿದ್ದರೆ ಆಗು. ಮುಂದೆ ಜಾಗವಿದ್ದರೆ ಸೇರು, ತಲುಪು. ‘ಟು’ ಮತ್ತು ಕ್ರಿಯಾಪದವಿದ್ದರೆ ಅವಕಾಶ ಸಿಗು. ಮುಂದೆ ವ್ಯಕ್ತಿ, ಆಮೇಲೆ ‘ಟು’ ಬಂದರೆ ಒಪ್ಪಿಸಿ ಮಾಡಿಸು. ವಸ್ತುವಿನ ಬೆನ್ನಿಗೆ ಭೂತಕೃದಂತ ಬಂದರೆ ಮಾಡಿಸು, ಮಾಡಿಸಿಕೊಳ್ಳು. ನೇರವಾಗಿ ಭೂತಕೃದಂತವೇ ಬಂದರೆ ಬೈಸಿಕೊಳ್ಳು, ಹೊಡೆಸಿಕೊಳ್ಳು, ಸಿಕ್ಕಿಬೀಳು. ಪೂರ್ಣಕಾಲದಲ್ಲಿ ‘ಹ್ಯಾವ್’ ಜೊತೆ ಬಂದರೆ ಇದೆ. ಇಷ್ಟಕ್ಕೆ ಅರ್ಧ ಪುಟ ಸಾಕು. ಉಳಿದರ್ಧ ಪುಟವನ್ನು ‘ಗೆಟ್ ಬೈ’, ‘ಗೆಟ್ ಆನ್’ನಂಥ ಸೂತ್ರಕ್ಕೆ ಸಿಗದ ನುಡಿಗಟ್ಟುಗಳಿಗೆ, ಒಂದೊಂದಕ್ಕೂ ಒಂದು ವಾಕ್ಯದ ಉದಾಹರಣೆ ಕೊಟ್ಟು, ಬಿಡಬೇಕು.